ಮುಂಜಾನೆ ಮಾತ್ರ ಹಿಂಜರಿಯುತ್ತಿದ್ದ ಕಾರು

೧೯೭೮ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಇಯತ್ತೆ ಪಾಸಾಗಿ, ಎಂಟಕ್ಕೆ ಹೆಸರು ಹಚ್ಚಲಿಲ್ಲ. ಬಡತನ ಬಿಡಿಸಿತು ಎಂದು ಬರೆದರೆ ಓದುವವರಿಗೆ ಮರುಕ ಬರುತ್ತದೆ. ಆದರೆ ಅದು ಸುಳ್ಳು. ಮನೆಯಲ್ಲಿ ರೊಟ್ಟಿಗೆ ಕೊರತೆ ಇರಲಿಲ್ಲ. ಶಾಲೆಯ ಹಿಂದೆ ಒಂದು ಲಾರಿ ಗ್ಯಾರೇಜಿತ್ತು. ಒಳಗೆ ಮಾಸ್ತರರು ಹೇಳಿದ್ದು ನನ್ನ ತಲೆಗೆ ಹೋಗುತ್ತಿರಲಿಲ್ಲ, ಹೊರಗೆ ಎಂಜಿನ್ ಹೇಳಿದ್ದು ಹೋಗುತ್ತಿತ್ತು. ಅಷ್ಟೇ ಕಾರಣ. ಹೆಡ್‌ಮಾಸ್ತರರು ಅವ್ವನನ್ನು ಕರೆಸಿ, "ಇಂವ ಎಣ್ಣಿ ಕೈ ಒರಸ್ಕೋತ ಸಾಯ್ತಾನ ನೋಡವಾ" ಎಂದಿದ್ದರು. ನಲವತ್ತೈದು ವರ್ಷ ಎಣ್ಣೆ ಕೈ ಒರೆಸಿಕೊಂಡೆ. ಇನ್ನೂ ಸತ್ತಿಲ್ಲ.

ಇದನ್ನು ಬರೆಯಲು ಕೂತದ್ದು ಸಿಟ್ಟಿನಿಂದ. ಹೋದ ತಿಂಗಳು ವಿಜಯಪುರದ ಒಂದು ತರಬೇತಿ ಸಂಸ್ಥೆಯವರು, ಹೊಸದಾಗಿ ಗಾಡಿ ಕೆಲಸಕ್ಕೆ ಬರುವವರಿಗೆ ನಾಲ್ಕು ಮಾತು ಹೇಳ್ರಿ ಎಂದು ನನ್ನನ್ನು ಕರೆದಿದ್ದರು. ನನಗಿಂತ ಮೊದಲು ಟೈ ಕಟ್ಟಿದ ಒಬ್ಬ ಗೃಹಸ್ಥರು ಎದ್ದು, ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎದುರು ಕೂತು ತಲೆ ಕೆಡಿಸಿಕೊಳ್ಳುವ ಕಾಲ ಮುಗಿಯಿತು, ಸ್ಕ್ಯಾನರ್ ಹಚ್ಚಿ, ಕೋಡ್ ಓದಿ, ಭಾಗ ಬದಲಿಸಿ ಎಂದರು. ಎಲ್ಲರೂ ಬರೆದುಕೊಂಡರು. ನನಗೆ ಐದು ನಿಮಿಷ ಕೊಟ್ಟರು. ಆ ಐದು ನಿಮಿಷದಲ್ಲಿ ಹೇಳಲಾಗದ್ದು ಇಲ್ಲಿದೆ.

ಕೋಡ್ ಓದುವುದನ್ನು ನಾನು ಬೈಯುತ್ತಿಲ್ಲ. ನಾನೂ ಓದುತ್ತೇನೆ. ಏಳನೆಯ ಇಯತ್ತೆಯ ಇಂಗ್ಲಿಷಿಗೆ ಒಂದು ಡಿಕ್ಷನರಿ ಜೋಡಿಸಿಕೊಂಡು, ಒಂದೊಂದು ಪುಟಕ್ಕೆ ಒಂದೊಂದು ಸಂಜೆ ಕೊಟ್ಟು, ಪರದೇಶದ ಗಾಡಿಗಳ ಮ್ಯಾನ್ಯುಅಲ್ ಓದಿದವನು ನಾನು. ಡಿಪ್ಲೊಮಾ ಮಾಡಿದವರು ಅದರ ರಟ್ಟು ತೆರೆಯದೆ ನನ್ನ ಹತ್ತಿರ ಬಂದು, "ಮಿಸ್ತ್ರಿ, ಇದರಾಗ ಏನ್ ಬರದೈತಿ ಹೇಳ್ರಿ" ಎಂದು ಕೇಳಿದ್ದುಂಟು. ನಾನು ಬೈಯುವುದು, ಕೋಡ್ ಓದಿದ ಮೇಲೆ ವಿಚಾರ ಮಾಡುವುದನ್ನು ನಿಲ್ಲಿಸುವವರನ್ನು. ಗಾಡಿ ತಂದವರ ಮಾತು ಕೇಳದವರನ್ನು. ತಪ್ಪು ಯಾರದ್ದು ಎಂದು ಮೊದಲು ತೀರ್ಮಾನಿಸಿ, ಆಮೇಲೆ ತಪ್ಪು ಏನೆಂದು ಹುಡುಕುವವರನ್ನು. ಆ ಕೊನೆಯ ಪಂಕ್ತಿಯಲ್ಲಿ ಒಮ್ಮೆ ನಾನೂ ಕೂತಿದ್ದೆ. ಅದನ್ನು ಮುಂದೆ ಹೇಳುತ್ತೇನೆ.

ನನಗೆ ಕೆಲಸ ಕಲಿಸಿದ ಉಸ್ತಾದರು ಲಾರಿ ಗ್ಯಾರೇಜಿನವರು. ಮೊದಲ ಎರಡು ವರ್ಷ ಡೀಸೆಲ್ಲಿನಲ್ಲಿ ಸಾಮಾನು ತೊಳೆಸಿದರು, ನಟ್ಟು ತಿರುಗಿಸುವ ಪಾನಾ ಮುಟ್ಟಗೊಡಲಿಲ್ಲ. ಯಾವ ಗಾಡಿ ಬಂದರೂ ಡ್ರೈವರನ ಬಗಲಲ್ಲಿ ಕೂತು ಒಂದು ಸುತ್ತು ಹೋಗಿ ಬಂದ ಹೊರತು ಬಾನೆಟ್ಟು ತೆರೆಯುತ್ತಿರಲಿಲ್ಲ. "ಯಾವಾಗ ಆಕ್ಕೈತಿ, ಯಾವಾಗ ಆಗೂದಿಲ್ಲ, ಎರಡೂ ಕೇಳು. ಎರಡನೇದ ಯಾರೂ ಕೇಳೂದಿಲ್ಲ" ಎನ್ನುತ್ತಿದ್ದರು. ಅವರ ಶಾಲೆಗೆ ಎಂಟನೆಯ ಇಯತ್ತೆ ಇರಲಿಲ್ಲ, ಪರೀಕ್ಷೆ ದಿನಾ ಇತ್ತು.

ಆಟೋಮ್ಯಾಟಿಕ್ ಗಾಡಿಯೊಂದಿಗೆ ನನ್ನ ಮೊದಲ ಪರಿಚಯ ಒಂದು ಕೊಲೆ. ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ಮುಂಬೈಯಿಂದ ಹಳೆಯದೊಂದು ದೊಡ್ಡ ಕಾರು ತಂದಿದ್ದರು. ಊರಲ್ಲಿ ಕ್ಲಚ್ ಇಲ್ಲದ ಗಾಡಿ ಅದೊಂದೇ. ಜನ ಒಳಗೆ ಬಗ್ಗಿ, ಎಡಗಾಲು ಎಲ್ಲಿಡುವುದು ಎಂದು ಕೇಳುತ್ತಿದ್ದರು. ಒಂದು ದಿನ ಅದರ ಪೆಟ್ರೋಲ್ ಪಂಪು ಕೈಕೊಟ್ಟು ಗಾಡಿ ನಿಂತಿತು. ನಾನು ಹೋದೆ. ನಮ್ಮ ಕಡೆ ನಿಂತ ಗಾಡಿಗೆ ಔಷಧ ಒಂದೇ: ಟ್ರ್ಯಾಕ್ಟರು ಮತ್ತು ಹಗ್ಗ. ಲಿವರನ್ನು ನ್ಯೂಟ್ರಲ್ಲಿಗೆ ಹಾಕಿಸಿ, ವ್ಯಾಪಾರಿಗಳನ್ನು ಸ್ಟಿಯರಿಂಗಿಗೆ ಕೂಡ್ರಿಸಿ, ಅವರದೇ ಟ್ರ್ಯಾಕ್ಟರಿನಿಂದ ವಿಜಯಪುರದ ಕಡೆಗೆ ಎಳೆದೆ. ತೊರವಿ ಹತ್ತಿರ ಬರುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಎಂಜಿನ್ನೇ ಬಂದ್ ಇದೆ, ಸುಡುವುದೇನು ಎಂದು ಮತ್ತೂ ಎಳೆದೆ.

ಸುಟ್ಟದ್ದು ಗೇರ್‌ಬಾಕ್ಸು. ಎಂಜಿನ್ ತಿರುಗಿದರೆ ಮಾತ್ರ ಆ ಪೆಟ್ಟಿಗೆಯೊಳಗಿನ ಎಣ್ಣೆ ಪಂಪು ತಿರುಗುತ್ತದೆ. ಎಂಜಿನ್ ಬಂದ್ ಇಟ್ಟು ಚಕ್ರ ಉರುಳಿಸಿದರೆ ಒಳಗಿನದೆಲ್ಲ ಒಣಗಿ ತಿಕ್ಕುತ್ತದೆ. ಅದು ನನಗೆ ಗೊತ್ತಿರಲಿಲ್ಲ. ಸಣ್ಣ ಪಂಪಿನ ಕೆಲಸಕ್ಕೆ ಹೋಗಿ ಗಾಡಿಯನ್ನೇ ಮುಗಿಸಿದ್ದೆ. ಬೈಸಿಕೊಳ್ಳಲು ತಲೆ ಬಗ್ಗಿಸಿ ನಿಂತಾಗ ವ್ಯಾಪಾರಿಗಳು, "ಟ್ರ್ಯಾಕ್ಟರ್ ನಂದು, ಹಗ್ಗಾ ನಂದು, ಮ್ಯಾಲೆ ಕುಂತಾಂವಾ ನಾನ. ನಿನಗೊಬ್ಬಗ ಹೆಂಗ್ ಬೈಲಿ ಮಾರಾಯಾ?" ಎಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಆವತ್ತಿನಿಂದ ಆ ಪೆಟ್ಟಿಗೆಯನ್ನು ಕಲಿಯಲು ಕೂತೆ.

ಹೊಸಬರಿಗಾಗಿ ಅದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಸಾದಾ ಗಾಡಿಯಲ್ಲಿ ನಿಮ್ಮ ಕಾಲು ಕ್ಲಚ್ಚು ಒತ್ತುತ್ತದೆ, ನಿಮ್ಮ ಕೈ ಗೇರು ಹಾಕುತ್ತದೆ. ಆಟೋಮ್ಯಾಟಿಕ್ಕಿನಲ್ಲಿ ಆ ಕಾಲೂ ಎಣ್ಣೆಯೇ, ಆ ಕೈಯೂ ಎಣ್ಣೆಯೇ. ಎಣ್ಣೆ ಒತ್ತಿದರೆ ಗೇರು ಬೀಳುತ್ತದೆ, ಒತ್ತಡ ಸಾಲದಿದ್ದರೆ ಜಾರುತ್ತದೆ. ಆದ್ದರಿಂದ ಎಣ್ಣೆ ಯಾವುದು, ಎಷ್ಟಿದೆ, ಹೇಗಿದೆ ಎಂದು ನೋಡದೆ ಆ ಪೆಟ್ಟಿಗೆಯ ಬಗ್ಗೆ ಬಾಯಿ ತೆರೆಯುವವನು ಮಿಸ್ತ್ರಿಯಲ್ಲ, ದಲಾಲ.

ಲಾರಿ ಗ್ಯಾರೇಜು ಮುಚ್ಚಿದ ಮೇಲೆ ನಗರದ ಒಂದು ದೊಡ್ಡ ವರ್ಕ್‌ಶಾಪಿಗೆ ಸೇರಿದೆ. ಎಲ್ಲ ಕಂಪನಿಯ ಗಾಡಿಗಳೂ ಅಲ್ಲಿಗೆ ಬರುತ್ತಿದ್ದವು. ಮೇಲೆ ತಗಡು, ಕೆಳಗೆ ಟೈಲ್ಸು, ಗಿರಾಕಿಗಳಿಗೆ ಗಾಜಿನ ಕೋಣೆ, ಅದರೊಳಗೆ ಎಸಿ. ಎಸಿ ಗಿರಾಕಿಗಳಿಗೆ ಮತ್ತು ಮ್ಯಾನೇಜರರಿಗೆ ಮಾತ್ರ. ಈ ಮ್ಯಾನೇಜರರು ಬೇರೆ ಜಿಲ್ಲೆಯಿಂದ ಬಂದವರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಅವರು ಬಂದ ವಾರವೇ ಗೋಡೆಗೊಂದು ಬಿಳಿ ಫಲಕ ಬಂತು. ಯಾವ ಗಾಡಿ, ಎಷ್ಟು ಗಂಟೆಗೆ ಒಳಗೆ, ಎಷ್ಟು ಗಂಟೆಗೆ ಹೊರಗೆ. ತಡವಾದರೆ ಮಾಡಿದವನ ಹೆಸರಿನ ಮುಂದೆ ಕೆಂಪು ಚುಕ್ಕೆ. ಸರಿಯಾಗಿ ಮಾಡಿದವನಿಗೆ ಯಾವ ಬಣ್ಣದ ಚುಕ್ಕೆಯೂ ಇರಲಿಲ್ಲ. ಗಾಡಿ ಒಂದೇ ವಾರಕ್ಕೆ ತಿರುಗಿ ಬಂದರೂ ಚಿಂತೆಯಿಲ್ಲ, ಹೇಳಿದ ಗಂಟೆಗೆ ಹೊರಗೆ ಹೋಗಬೇಕು. ಆ ಫಲಕವನ್ನು ನೆನೆದರೆ ಈಗಲೂ ನನ್ನ ರಕ್ತ ಕುದಿಯುತ್ತದೆ.

ಅಲ್ಲಿ ನನ್ನ ಗೆಳೆಯ ರಾಚಪ್ಪ. ಅರಕೇರಿಯವನು, ನನಗಿಂತ ಹದಿನೈದು ವರ್ಷ ಸಣ್ಣವನು. ನನ್ನನ್ನು ಅಣ್ಣಾ ಎನ್ನುತ್ತಿದ್ದ. ಮಧ್ಯಾಹ್ನ ಇಬ್ಬರೂ ಒಂದೇ ಕಡೆ ಬುತ್ತಿ ಬಿಚ್ಚುತ್ತಿದ್ದೆವು, ಸಂಜೆ ಜೋಡಿ ಕೂತು ಚಹಾ ಕುಡಿಯುತ್ತಿದ್ದೆವು. ಮಾತು ಕಡಿಮೆ, ಕೈ ಸ್ವಚ್ಛ. ಒಂದು ನಟ್ಟು ಕೆಳಗೆ ಬಿದ್ದರೆ ಅದನ್ನು ತೊಳೆಯದೆ ತಿರುಗಿ ಹಾಕುವವನಲ್ಲ.

ಒಂದು ವರ್ಷ ಮೇ ತಿಂಗಳಲ್ಲಿ ಬಬಲೇಶ್ವರದಿಂದ ಒಂದು ನೀಲಿ ಕಾರು ಬಂತು. ಆರು ಸಿಲಿಂಡರಿನದು, ಪರದೇಶದ್ದು. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಬೆನ್ನು ಸೀಟಿಗೆ ಹತ್ತುವಂಥದ್ದು. ಆಗಲೇ ಏಳೆಂಟು ವರ್ಷ ಹಳೆಯದಾಗಿದ್ದ ಆ ಗಾಡಿಯನ್ನು ಪುಣೆಯಿಂದ ತಂದವರು ಶಾಂತಾ ಮೇಡಂ, ದನದ ಡಾಕ್ಟರು. ಆಕೆಯ ಮನೆ ಬಬಲೇಶ್ವರದಲ್ಲಿ, ಕೆಲಸ ವಿಜಯಪುರದಲ್ಲಿ. "ಹಿಂದಿನ ಮಾಲಕರು ಗೇರ್‌ಬಾಕ್ಸ್ ಎಣ್ಣಿ ಒಮ್ಮೇನೂ ಬದಲಿಸಿಲ್ಲಂತ್ರಿ. ನೀವು ಬದಲಿಸ್ರಿ" ಎಂದರು. ನಾವು ಹೇಳದೇ ತಾವಾಗಿ ಎಣ್ಣೆ ಬದಲಿಸಿಕೊಳ್ಳುವ ಗಿರಾಕಿ ವರ್ಷಕ್ಕೊಬ್ಬರು ಸಿಕ್ಕರೆ ಹೆಚ್ಚು. ಕೆಲಸ ರಾಚಪ್ಪನಿಗೆ ಬಂತು. ಮಾಡಿದ. ಗಾಡಿ ಹೋಯಿತು. ಬೇಸಿಗೆ, ಮಳೆಗಾಲ, ಎರಡರಲ್ಲೂ ಯಾವ ದೂರೂ ಇಲ್ಲ.

ದೀಪಾವಳಿ ಆದ ಮೇಲೆ ಮೇಡಂ ತಿರುಗಿ ಬಂದರು. ಲಿವರನ್ನು ಡಿಗೆ, ಅಂದರೆ ಮುಂದೆ ಹೋಗುವ ಗುರುತಿಗೆ, ಹಾಕಿದರೆ ಗಾಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಧಡ್ ಎಂದು ಹಿಡಿಯುತ್ತದೆ. ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಸುಮ್ಮನೆ ಕೂಗಿ, ಆಮೇಲೆ ಝಟ್ಕಾ ಹೊಡೆಯುತ್ತದೆ. ಮ್ಯಾನೇಜರರು ತಾವೇ ಓಡಿಸಿ ನೋಡಿದರು. ಹನ್ನೊಂದು ಗಂಟೆ. ಬೆಣ್ಣೆಯಂತೆ ಹೋಯಿತು.

"ಗಾಡಿಯಲ್ಲಿ ಏನೂ ಇಲ್ಲ ಮೇಡಂ," ಎಂದರು. "ಇವು ಸ್ಪೋರ್ಟ್ಸ್ ಗಾಡಿಗಳು. ಲೇಡೀಸಿಗೆ ಸ್ವಲ್ಪ ಅಭ್ಯಾಸ ಆಗಬೇಕು. ನೀವು ಆಕ್ಸಿಲರೇಟರ್ ಹದವಾಗಿ ಒತ್ತಬೇಕು."

ಮೇಡಂ ಅವರನ್ನು ಮೇಲಿಂದ ಕೆಳಗೆ ನೋಡಿದರು. "ನಾ ಎಮ್ಮಿ ಹೊಟ್ಟಿಯೊಳಗ ಹೆಗಲಿನ ಮಟಾ ಕೈ ಹಾಕಿ ಅಡ್ಡ ಸಿಕ್ಕ ಕರಾ ತಿರುವಿ ತಗ್ಯಾಕಿ ರೀ. ಹದಾ ಅಂದ್ರ ಏನಂತ ನೀವು ನನಗ ಕಲಸ್ತೀರಿ?"

ನಾವೆಲ್ಲ ಗಾಡಿಗಳ ಕೆಳಗೆ ಮುಖ ಮುಚ್ಚಿಕೊಂಡು ನಕ್ಕೆವು. ಮ್ಯಾನೇಜರರು ನಗಲಿಲ್ಲ. ಎರಡನೆಯ ಸಲ ಬಂದಾಗಲೂ ಇದೇ ಉತ್ತರ ಕೊಟ್ಟು ಕಳಿಸಿದರು. ಆಕೆ, "ಮುಂಜಾನೆದಾಗ ಆಕ್ಕೈತ್ರಿ, ಮುಂಜಾನೆದಾಗ" ಎಂದು ಹೇಳಿದ್ದನ್ನು ಜಾಬ್ ಕಾರ್ಡಿನ ಮೇಲೆ ಬರೆಯಲೂ ಇಲ್ಲ. ಆ ಒಂದು ಮಾತು ಬರೆದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮೂರನೆಯ ಸಲ ಗಾಡಿಯೇ ಕೋಡ್ ಹಿಡಿದಿಟ್ಟುಕೊಂಡು ಬಂದಿತ್ತು. ಮೂರನೆಯ ಗೇರು ಜಾರುತ್ತಿದೆ ಎಂದು ಸ್ಕ್ಯಾನರ್ ಹೇಳಿತು. ಮ್ಯಾನೇಜರರು ಒಂದೇ ಉಸಿರಿನಲ್ಲಿ ಮಗ್ಗಲು ಬದಲಿಸಿದರು. ನಿನ್ನೆಯವರೆಗೆ ಗಾಡಿಯಲ್ಲಿ ಏನೂ ಇರಲಿಲ್ಲ, ಇವತ್ತು ಇಡೀ ಗೇರ್‌ಬಾಕ್ಸು ಸತ್ತಿತ್ತು. ಮೇಡಂ ಕೇಳಿದರು: "ನಿಮ್ಮ ಕೈಯಾಗ ಎಣ್ಣಿ ಬದಲಾಗೇತಿ. ಸತ್ತದ್ದಕ್ಕ ಯಾರು ಹೊಣಿ?"

ಮ್ಯಾನೇಜರರಿಗೆ ಈಗ ಒಬ್ಬ ಮನುಷ್ಯ ಬೇಕಾಗಿದ್ದ. ಸಿಕ್ಕವನು ರಾಚಪ್ಪ. ಅವನೇ ಕೊನೆಯದಾಗಿ ಪೆಟ್ಟಿಗೆ ತೆರೆದವನು. ಮಾರನೆಯ ದಿನವೇ ಒಂದು ಕಾಗದ ಟೈಪಾಗಿ ಬಂತು. "ನನ್ನ ನಿಷ್ಕಾಳಜಿಯಿಂದ ಗೇರ್‌ಬಾಕ್ಸಿಗೆ ಹಾನಿಯಾಗಿದ್ದು, ಸಂಸ್ಥೆಯ ತಪ್ಪೇನೂ ಇರುವುದಿಲ್ಲ" ಎಂದು ಅದರಲ್ಲಿತ್ತು. ಶನಿವಾರದೊಳಗೆ ರಾಚಪ್ಪ ಸಹಿ ಮಾಡಬೇಕು, ಸೋಮವಾರದಿಂದ ಕೆಲಸಕ್ಕೆ ಬರಬಾರದು. ಆವತ್ತು ಬುಧವಾರ.

ನೌಕರಿ ಹೋಗುವುದು ಒಂದು. ಆ ಕಾಗದ ಬೇರೆಯದು. ಗೇರ್‌ಬಾಕ್ಸ್ ಸುಟ್ಟವನು ಎಂದು ಒಮ್ಮೆ ಹೆಸರಾದರೆ ವಿಜಯಪುರದಲ್ಲಿ ಯಾವ ಗ್ಯಾರೇಜಿನವನೂ ಅವನ ಕೈಗೆ ಪಾನಾ ಕೊಡುವುದಿಲ್ಲ. ಗಾಳಿ ತುಂಬುವ ಅಂಗಡಿಯಲ್ಲಿ ಕೂಡಬೇಕಾಗುತ್ತದೆ. ಹದಿನೆಂಟು ವರ್ಷದ ಕೈಕೆಲಸ ಆ ಒಂದು ಹಾಳೆಯೊಳಗೆ ಹೂತುಹೋಗುತ್ತಿತ್ತು.

ನಾನು ಗಾಜಿನ ಕೋಣೆಗೆ ಹೋಗಿ, "ಶನಿವಾರದ ತನಾ ಗಾಡಿ ನನಗ ಬಿಡ್ರಿ" ಎಂದೆ.

"ಸ್ಕ್ಯಾನರ್ ಹೇಳಿದ ಮೇಲೆ ನೀವೇನು ನೋಡುತ್ತೀರಿ ಮಿಸ್ತ್ರಿ?"

"ಸ್ಕ್ಯಾನರ್ ಗೇರು ಜಾರತೈತಿ ಅಂತು. ಯಾಕ ಜಾರತೈತಿ ಅಂತ ಹೇಳಿಲ್ರಿ."

"ನೋಡಿಕೊಳ್ಳಿ. ಶನಿವಾರ ಅಂದರೆ ಶನಿವಾರ."

ಇಲ್ಲಿಯವರೆಗೆ ನಾನು ಒಳ್ಳೆಯವನಂತೆ ಕಾಣುತ್ತೇನೆ. ಮುಂದಿನದನ್ನೂ ಬರೆಯಬೇಕು.

ನಮ್ಮ ವರ್ಕ್‌ಶಾಪಿಗೆ ಸಾರವಾಡ, ಬಬಲೇಶ್ವರದ ಕಡೆಯ ಟ್ರ್ಯಾಕ್ಟರುಗಳೂ ಬರುತ್ತಿದ್ದವು. ಅವುಗಳ ಹೈಡ್ರಾಲಿಕ್ ಎಣ್ಣೆಯ ಬ್ಯಾರಲ್ಲು ರಾಚಪ್ಪನ ರ‍್ಯಾಂಪಿನ ಪಕ್ಕದಲ್ಲೇ ಇತ್ತು. ಅವಸರದಲ್ಲಿ ಅದನ್ನು ಸುರಿದಿರಬಹುದೇ ಎಂಬ ಹುಳ ನನ್ನ ತಲೆ ಹೊಕ್ಕಿತು. ಗಾಡಿ ಮೇಲೆತ್ತುವ ಮೊದಲೇ, ಎಲ್ಲರೂ ಚಹಾ ಕುಡಿಯುತ್ತಾ ನಿಂತಿದ್ದ ಹೊತ್ತಿನಲ್ಲಿ, ದೊಡ್ಡ ದನಿಯಲ್ಲಿ ಕೇಳಿದೆ:

"ಲೇ ರಾಚಾ, ಖರೇ ಹೇಳು. ಆವತ್ತ ಏನ್ ಸುರವಿದಿ ಅದರಾಗ?"

ಅವನು ಕಪ್ಪು ಕೆಳಗಿಟ್ಟ. "ನೀನೂನಾ ಅಣ್ಣಾ?" ಎಂದ.

ಆಮೇಲೆ ಎಣ್ಣೆಯ ಒಂದು ಲೋಟ ತೆಗೆದು ನೋಡಿದೆ. ಡಬ್ಬಿಯಲ್ಲಿದ್ದ ಹೊಸ ಎಣ್ಣೆಯ ಪಕ್ಕದಲ್ಲಿಟ್ಟೆ. ಎರಡೂ ಒಂದೇ. ಸುಟ್ಟ ವಾಸನೆಯಿಲ್ಲ, ಬೆರಳಿಗೆ ಕಸವಿಲ್ಲ, ಲೋಹದ ಪುಡಿಯಿಲ್ಲ. ಒಳಗೆ ಏನೂ ಸತ್ತಿರಲಿಲ್ಲ. ಸರಿಯಾದ ಎಣ್ಣೆಯನ್ನೇ ಅವನು ಹಾಕಿದ್ದ. ಗಾಡಿಯನ್ನು ಕೇಳಬೇಕಾದದ್ದನ್ನು ನಾನು ಮನುಷ್ಯನನ್ನು ಕೇಳಿದ್ದೆ, ಅದೂ ಹತ್ತು ಜನರ ಎದುರು. ಬುಧವಾರ ಹೀಗೆ ಹೋಯಿತು.

ಮೇಡಂಗೆ ಫೋನು ಹಚ್ಚಿ, ಸಂಜೆ ಗಾಡಿಯನ್ನು ಮನೆಗೆ ಒಯ್ದು ಹೊರಗೇ ನಿಲ್ಲಿಸಿರಿ, ನಾನು ಮುಂಜಾನೆ ಬರುವ ತನಕ ಚಾಲೂ ಮಾಡಬೇಡಿರಿ ಎಂದೆ. ಗುರುವಾರ ಮೊದಲ ಬಸ್ಸಿಗೆ ಬಬಲೇಶ್ವರಕ್ಕೆ ಹೋದೆ. ಚಳಿಗೆ ಕಿವಿ ಮುಚ್ಚಿಕೊಂಡು ಆಕೆಯ ಮನೆ ಹುಡುಕಿದೆ. ಕಾರಿನ ಗಾಜಿನ ಮೇಲೆ ಇಬ್ಬನಿ ಕೂತಿತ್ತು. ಮೇಡಂ ಶಾಲು ಹೊದ್ದುಕೊಂಡು ಬಂದು, ಒಂದು ಲೋಟ ಚಹಾ ನನ್ನ ಕೈಗಿತ್ತು ಸ್ಟಿಯರಿಂಗಿಗೆ ಕೂತರು. ನಾನು ಉಸ್ತಾದರು ಕೂಡುತ್ತಿದ್ದಂತೆ ಬಗಲಲ್ಲಿ ಕೂತೆ.

ಆಕೆ ಡಿಗೆ ಹಾಕಿದರು. ನಾನು ಮನಸ್ಸಿನಲ್ಲಿ ಎಣಿಸಿದೆ. ಒಂದು, ಎರಡು, ಮೂರು. ಧಡ್.

"ಕೇಳಿದ್ರಿ?" ಎಂದರು. "ಈಗ ಹೇಳ್ರಿ, ಇದು ನನ್ನ ಕಾಲಿಂದೇನು?"

"ನಿಮ್ಮ ಕಾಲ ಇನ್ನೂ ಬ್ರೇಕಿನ ಮ್ಯಾಲೆ ಐತ್ರಿ ಮೇಡಂ."

ಊರು ದಾಟುವಾಗ ಎರಡರಿಂದ ಮೂರಕ್ಕೆ ಎಂಜಿನ್ ಕೂಗಿತು. ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಮತ್ತೆ ಜಾರಿತು. ಸಾರವಾಡ ಬರುವಷ್ಟರಲ್ಲಿ ಆ ಕೂಗುವುದು, ಜಾರುವುದು ಎಲ್ಲ ಬಂದ್. ವಿಜಯಪುರ ಮುಟ್ಟಿದಾಗ ಗಾಡಿ ಮದುವಣಗಿತ್ತಿಯಂತೆ ನಡೆಯುತ್ತಿತ್ತು. ಮ್ಯಾನೇಜರರು ಓಡಿಸಿ ನೋಡಿದ್ದು ಈ ಮದುವಣಗಿತ್ತಿಯನ್ನು.

ದಾರಿಯಲ್ಲಿ ಮೇಡಂ ಒಂದು ಮಾತು ಹೇಳಿದ್ದರು. "ದನಾ ಬಾಯಿ ಬಿಟ್ಟ ಹೇಳೂದಿಲ್ರಿ ಮಿಸ್ತ್ರಿ. ಯಾವಾಗ ಮೇವು ಬಿಡತೈತಿ, ಯಾವಾಗ ತಿಂತೈತಿ, ಅದರ ಮ್ಯಾಲೆ ನಾವು ತಿಳ್ಕೋಬೇಕು." ಉಸ್ತಾದರನ್ನು ಆಕೆ ಕಂಡವರಲ್ಲ. ಆದರೂ ಅದೇ ಮಾತು.

ಬಿಸಿಯಾದರೆ ಕೆಡುವ ಗೇರ್‌ಬಾಕ್ಸುಗಳನ್ನು ನಾನು ಬಹಳ ಕಂಡಿದ್ದೆ. ಬಿಸಿಯಾದರೆ ಸರಿಹೋಗುವುದು ಇದೇ ಮೊದಲು. ಬಿಸಿಯಾದಾಗ ಎಣ್ಣೆಗೆ ಏನಾಗುತ್ತದೆ? ಉಬ್ಬುತ್ತದೆ. ಆರಿದಾಗ ಕುಗ್ಗುತ್ತದೆ. ಹಾಗಾದರೆ ಮುಂಜಾನೆ ಕುಗ್ಗಿದ ಎಣ್ಣೆ ಪಂಪಿಗೆ ಸಾಲುತ್ತಿಲ್ಲ. ತಿರುವಿನಲ್ಲಿ ಎಣ್ಣೆ ಒಂದು ಕಡೆ ಸರಿದಾಗ ಪಂಪು ಗಾಳಿ ಕುಡಿಯುತ್ತಿದೆ. ಎಣ್ಣೆ ಕಡಿಮೆಯಿದೆ, ಅಷ್ಟೇ! ಆದರೆ ಸೋರಿದ ಗುರುತು ಎಲ್ಲಿಯೂ ಇರಲಿಲ್ಲ. ಸೋರಿಲ್ಲವೆಂದರೆ ಹಾಕುವಾಗಲೇ ಕಡಿಮೆ ಹಾಕಿರಬೇಕು.

ಈ ಗಾಡಿಗಳಲ್ಲಿ ಎಣ್ಣೆ ಅಳೆಯುವ ಕಡ್ಡಿ ಇರುವುದಿಲ್ಲ. ಬಗಲಿಗೆ ಒಂದು ಬಿರಡೆ ಇರುತ್ತದೆ. ಎಂಜಿನ್ ಚಾಲೂ ಇಟ್ಟು, ಎಣ್ಣೆ ನಲವತ್ತು ಡಿಗ್ರಿಯ ಆಸುಪಾಸಿನಲ್ಲಿದ್ದಾಗ ಆ ಬಿರಡೆ ತೆರೆಯಬೇಕು. ಹೆಚ್ಚಾದದ್ದು ಸೋರಿ ಹೋಗುತ್ತದೆ, ಹನಿ ನಿಂತಾಗ ಮುಚ್ಚಬೇಕು. ಮ್ಯಾನ್ಯುಅಲ್ಲಿನಲ್ಲಿ ಹೀಗಿದೆ. ಅದನ್ನು ಬರೆದವರು ತಣ್ಣನೆಯ ದೇಶದವರು. ಅವರಿಗೆ ಎಣ್ಣೆ ನಲವತ್ತಕ್ಕೆ ಏರುವುದನ್ನು ಕಾಯಬೇಕು. ನಮ್ಮ ವಿಜಯಪುರದ ಮೇ ತಿಂಗಳಲ್ಲಿ, ತಗಡಿನ ಕೆಳಗೆ, ಬಬಲೇಶ್ವರದಿಂದ ಓಡಿ ಬಂದು ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಅದು ನಲವತ್ತಕ್ಕೆ ಇಳಿಯುವುದನ್ನು ಕಾಯಬೇಕು. ಹಗಲಿನಲ್ಲಿ ಇಳಿಯುವುದೇ ಇಲ್ಲ. ಕಾಯದೆ ಬಿರಡೆ ತೆರೆದರೆ ಉಬ್ಬಿದ ಎಣ್ಣೆ ಹೆಚ್ಚಾಗಿದೆ ಎಂದು ತೋರಿ ಸುರಿದು ಹೋಗುತ್ತದೆ. ಬೇಸಿಗೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಚಳಿ ಬಂದಾಗ ಗಾಡಿ ಲೆಕ್ಕ ಕೇಳುತ್ತದೆ.

ಗುರುವಾರ ಮಧ್ಯಾಹ್ನ ಮೇ ತಿಂಗಳ ಜಾಬ್ ಕಾರ್ಡು ಹುಡುಕಿಸಿದೆ. ರಾಚಪ್ಪನ ದುಂಡನೆಯ ಅಕ್ಷರದಲ್ಲಿ ಇತ್ತು: "ಎಣ್ಣೆ ಟೆಂಪ್ ೬೮." ಪಕ್ಕದಲ್ಲಿ ಮ್ಯಾನೇಜರರ ಸರಿ ಗುರುತು ಮತ್ತು ಸಹಿ. ಒಳಗೆ ಬಂದ ಹೊತ್ತು ಹನ್ನೆರಡೂವರೆ, ಹೊರಗೆ ಹೋದ ಹೊತ್ತು ಎರಡು.

ಕಾರ್ಡು ಹಿಡಿದುಕೊಂಡು ರಾಚಪ್ಪನ ಹತ್ತಿರ ಹೋದೆ. ಅವನು ಬುತ್ತಿ ಬಿಚ್ಚಿ ಒಬ್ಬನೇ ಕೂತಿದ್ದ.

"ಅರವತ್ತೆಂಟಕ್ಕ ಯಾಕ ಮುಚ್ಚಿದ್ಯೋ? ಬಿಸಿ ಐತಿ, ಆರಲಿ ಅಂತ ಹೇಳಬಾರದೇನು?"

"ಹೇಳಿದ್ನೆಲ್ಲಾ ಅಣ್ಣಾ."

"ಯಾರಿಗೆ?"

"ಸಾಹೇಬ್ರಿಗೆ. ಗಾಡಿ ಇಲ್ಲೇ ಇರಲಿ, ನಾಳೆ ಮುಂಜಾನೆ ಅಳತಿ ನೋಡೋಣು ಅಂದೆ. ಎರಡಕ್ಕ ಡೆಲಿವರಿ ಐತಿ, ಮುಚ್ಚು ಅಂದ್ರು. ನಾ ನಿನ್ನ ಮಾರಿ ನೋಡಿದೆ."

"ನನ್ನ ಮಾರಿ?"

"ನೀ ಬಾಜೂ ರ‍್ಯಾಂಪಿಗೆ ನಿಂತಿದ್ದಿ. ಸಾಹೇಬ್ರು ಅಂದಮ್ಯಾಲೆ ಮುಚ್ಚಪಾ, ಸುಮ್ನ ಕೆಂಪು ಚುಕ್ಕಿ ಯಾಕ ಅಂದಿ. ಮುಚ್ಚಿದೆ."

ನನಗೆ ನೆನಪಿರಲಿಲ್ಲ. ಅವನು ಹೇಳಿದ ಮೇಲೆ ನೆನಪಾಯಿತು. ನನ್ನ ಕೈಯಲ್ಲಿ ಬೇರೊಂದು ಗಾಡಿಯ ಬ್ರೇಕಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು, ತಲೆ ಎತ್ತದೆಯೇ ಅಂದಿದ್ದೆ. ಮ್ಯಾನ್ಯುಅಲ್ ಓದಿದವನು ನಾನು. ನಲವತ್ತು ಎಂದು ಅವನಿಗೆ ಕಲಿಸಿದವನೂ ನಾನು. ಸಾಹೇಬರ ಮಾತು ಅವನನ್ನು ನಿಲ್ಲಿಸಿರಲಿಲ್ಲ. ನನ್ನ ಮಾತು ನಿಲ್ಲಿಸಿತ್ತು.

"ಮತ್ತ ನಿನ್ನೆ ಎಲ್ಲಾರ ಮುಂದ ಕೇಳಿದಾಗ ಯಾಕ ಇದನ್ನ ಹೇಳಲಿಲ್ಲ?"

"ಏನ್ ಹೇಳ್ಲಿ? ನಿನ್ನ ಹೆಸರು ಹೇಳ್ಲೇನು?" ಎಂದು ರೊಟ್ಟಿ ಮುರಿದ.

ಶುಕ್ರವಾರ ಸಂಜೆ ಗಾಡಿ ತರಿಸಿ ರ‍್ಯಾಂಪಿನ ಮೇಲೆ ನಿಲ್ಲಿಸಿ ಮನೆಗೆ ಹೋದೆವು. ಶನಿವಾರ ಬೆಳಗಾಗುವಾಗ ನಾನೂ ರಾಚಪ್ಪನೂ ಬಾಗಿಲು ತೆರೆಸಿದೆವು. ಎಣ್ಣೆ ತಣ್ಣಗಿತ್ತು. ಎಂಜಿನ್ ಚಾಲೂ ಮಾಡಿ, ಲಿವರನ್ನು ಒಂದೊಂದು ಗೇರಿಗೂ ಹಾಕಿ ತೆಗೆದು, ಸ್ಕ್ಯಾನರಿನ ಮೇಲೆ ಅಂಕಿ ಏರುವುದನ್ನು ನೋಡುತ್ತಾ ನಿಂತೆವು. ನಲವತ್ತು ಮುಟ್ಟಿದಾಗ ರಾಚಪ್ಪ ಬಿರಡೆ ತೆರೆದ. ಒಂದು ಹನಿಯೂ ಬೀಳಲಿಲ್ಲ. ಪಿಚಕಾರಿಯಿಂದ ಎಣ್ಣೆ ಒತ್ತುತ್ತಾ ಹೋದ. ಮುಕ್ಕಾಲು ಲೀಟರು ಒಳಗೆ ಹೋದ ಮೇಲೆ ಮೊದಲ ಹನಿ ಕಂಡಿತು. ಬಿರಡೆ ಹಾಕಿದ. ಸ್ಕ್ಯಾನರಿನಲ್ಲಿದ್ದ ಹಳೆಯ ಕೋಡ್ ಅಳಿಸಿದೆ. ಇಡೀ ಗೇರ್‌ಬಾಕ್ಸು ಸತ್ತಿದೆ ಎಂದವರ ಎದುರು ಆ ಮುಕ್ಕಾಲು ಲೀಟರನ್ನು ಬಾಟಲಿಯಲ್ಲಿಟ್ಟು ತೋರಿಸಬೇಕೆನ್ನಿಸಿತು.

ಮೇಡಂ ಏಳಕ್ಕೆ ಬಂದರು. ಚಳಿಯಲ್ಲೇ ತಿಕೋಟಾ ರಸ್ತೆಗೆ ಹೋದೆವು. ಡಿಗೆ ಹಾಕಿದೊಡನೆ ಹಿಡಿಯಿತು. ತೊರವಿ ದಾಟಿದ ಮೇಲೆ ದಾರಿ ಖಾಲಿಯಿತ್ತು. ಆಕೆ ಕಾಲು ಒತ್ತಿದರು. ಎರಡು, ಮೂರು, ನಾಲ್ಕು, ಯಾವಾಗ ಬದಲಾಯಿತೆಂದು ಮುಳ್ಳು ನೋಡಿಯೇ ತಿಳಿಯಬೇಕು. ನನ್ನ ಬೆನ್ನು ಸೀಟಿಗೆ ಹತ್ತಿತು. ಆಕೆ ಬಾಯಿ ತುಂಬ ನಕ್ಕು, "ಗುಣಾತು ರೀ ಮಿಸ್ತ್ರಿ!" ಎಂದರು.

ವರ್ಕ್‌ಶಾಪಿಗೆ ತಿರುಗಿ ಬಂದಾಗ ಮ್ಯಾನೇಜರರು ಬಂದಿದ್ದರು. ನಾನು ಜಾಬ್ ಕಾರ್ಡು ಮೇಜಿನ ಮೇಲಿಟ್ಟೆ. ಅರವತ್ತೆಂಟರ ಮೇಲೆ ಬೆರಳಿಟ್ಟೆ, ಅವರ ಸಹಿಯ ಮೇಲೂ ಇಟ್ಟೆ. ಅವರು ಓದಿದರು. ಮುಖ ಕೆಂಪಾಗಲಿಲ್ಲ, ಬಿಳಿಯೂ ಆಗಲಿಲ್ಲ. "ಸರಿಹೋಯಿತಲ್ಲ, ಬಹಳ ಒಳ್ಳೆಯದು" ಎಂದು ಗಿರಾಕಿಯ ಸಮಾಧಾನದ ಚೀಟಿಯನ್ನು ಮೇಡಂ ಕಡೆ ಸರಿಸಿದರು. "ಇಲ್ಲೊಂದು ಸಹಿ ಮೇಡಂ."

ದಾರಿಯಲ್ಲಿ ನಾನು ಆಕೆಗೆ ಕಾಗದದ ಸಂಗತಿ ಹೇಳಿದ್ದೆ. ಆಕೆ ಪೆನ್ನಿನ ಮುಚ್ಚಳ ತೆಗೆಯಲೇ ಇಲ್ಲ. "ಅವರ ಕಡಿಂದ ಬರಸ್ಕೋಬೇಕಂತ ಮಾಡಿದ್ರೆಲ್ಲಾ, ಆ ಕಾಗದ ತರ್ರಿ."

"ಅದು ನಮ್ಮ ಒಳಗಿನ ವಿಷಯ ಮೇಡಂ."

"ನನ್ನ ಗಾಡಿ ಹೆಸರ್ಲೆ ಬರದ ಕಾಗದ ನನ್ನ ವಿಷಯ. ತರ್ರಿ. ಇಲ್ಲಂದ್ರ ನಾನೂ ಒಂದ ಬರೀತೇನಿ, ಈ ಕಾರ್ಡಿನ ಜೋಡಿ ನಿಮ್ಮ ಮ್ಯಾಲಿನವರಿಗೆ ಕಳಸ್ತೇನಿ."

ಕಾಗದ ಬಂತು. ರಾಚಪ್ಪ ಅದರ ಮೇಲೆ ಸಹಿ ಮಾಡಿರಲಿಲ್ಲ. ಮೇಡಂ ಅದನ್ನು ಅವನ ಕೈಗೆ ಕೊಟ್ಟರು. ಅವನು ಹರಿಯುತ್ತಾನೆ ಎಂದು ನಾವೆಲ್ಲ ನೋಡುತ್ತಿದ್ದೆವು. ಅವನು ಅದನ್ನು ಮೇಜಿನ ಮೇಲೆ ತಿರುಗಿ ಇಟ್ಟು, "ಇದು ನಂದಲ್ರಿ" ಎಂದು ಹೊರಗೆ ಹೋಗಿ ಕೈ ತೊಳೆದುಕೊಂಡ. ಅವನ ನೌಕರಿ ಉಳಿಯಿತು, ಹೆಸರೂ ಉಳಿಯಿತು. ಮ್ಯಾನೇಜರರು ಮಾರನೆಯ ವಾರ ಗೋಡೆಗೆ ಹೊಸ ಸೂಚನೆ ಅಂಟಿಸಿದರು: ಗೇರ್‌ಬಾಕ್ಸ್ ಎಣ್ಣೆಯ ಅಳತೆ ಮುಂಜಾನೆ ಮಾತ್ರ. ಕೆಳಗೆ ಅವರ ಹೆಸರಿತ್ತು. ಬಿಳಿ ಫಲಕ ಅಲ್ಲೇ ಇತ್ತು. ಕ್ಷಮೆ ಎಂಬ ಮಾತು ಆ ಗಾಜಿನ ಕೋಣೆಯಿಂದ ಹೊರಗೆ ಬರಲಿಲ್ಲ.

ಇಷ್ಟು ದಿನ ಈ ಕಥೆಯನ್ನು ಯಾರಿಗೆ ಹೇಳಿದರೂ ಇಲ್ಲಿಗೆ ನಿಲ್ಲಿಸುತ್ತಿದ್ದೆ. ಮ್ಯಾನೇಜರರನ್ನು ಬೈಯುತ್ತಿದ್ದೆ, ಕೇಳಿದವರೂ ಬೈಯುತ್ತಿದ್ದರು. ಆದರೆ ಆವತ್ತು ಮೇಜಿನ ಎದುರು ನಾನು ಎರಡು ಕಡೆ ಬೆರಳಿಟ್ಟೆ, ಮೂರನೆಯ ಕಡೆ ಇಡಲಿಲ್ಲ. "ಮುಚ್ಚಪಾ ಅಂತ ನಾನೂ ಅಂದಿದ್ನಿ" ಎಂದು ಹೇಳಲು ಒಂದು ಉಸಿರು ಸಾಕಿತ್ತು. ರಾಚಪ್ಪ ಬಾಗಿಲಲ್ಲೇ ನಿಂತಿದ್ದ, ಕಾಯುತ್ತಿದ್ದ ಎಂದು ಈಗ ಅನ್ನಿಸುತ್ತದೆ. ಮೇಡಂ ನನ್ನನ್ನು ಹೊಗಳುತ್ತಿದ್ದರು, ನನಗೆ ಅದು ರುಚಿಸುತ್ತಿತ್ತು. ಹತ್ತು ಜನರ ಎದುರು ಕೇಳಿದ ಪ್ರಶ್ನೆಯನ್ನೂ ಹತ್ತು ಜನರ ಎದುರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮ್ಯಾನೇಜರರು ಮಾಡದ್ದನ್ನು ನಾನೂ ಮಾಡಲಿಲ್ಲ. ಅವರಿಗಾದರೂ ಅವನು ನೌಕರ, ನನಗೆ ಅವನು ರಾಚಾ ಆಗಿದ್ದ.

ಅವನು ಜಗಳವಾಡಲಿಲ್ಲ. ಆ ಸೋಮವಾರದಿಂದ ಬುತ್ತಿಯನ್ನು ಬೇರೆ ಕಡೆ ಬಿಚ್ಚಿದ. ವರ್ಷದ ಮೇಲೆ ನೌಕರಿ ಬಿಟ್ಟು ಅರಕೇರಿಯ ಹತ್ತಿರ ಸ್ವಂತ ಗ್ಯಾರೇಜು ಹಾಕಿದ. ಆಟೋಮ್ಯಾಟಿಕ್ ಗಾಡಿಗಳು ಅಲ್ಲಿ ಸಾಲುಗಟ್ಟಿ ನಿಲ್ಲುತ್ತವೆ, ಮೇಡಂ ಅವರ ನೀಲಿ ಕಾರೂ ಅಲ್ಲಿಗೇ ಹೋಗುತ್ತದೆ. ದಾರಿಯಲ್ಲಿ ಸಿಕ್ಕರೆ "ನಮಸ್ಕಾರ್ರಿ ಮಿಸ್ತ್ರಿ" ಎನ್ನುತ್ತಾನೆ. ಅಣ್ಣಾ ಎನ್ನುವುದಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಬರುವವರು ಇದನ್ನು ಓದಿದರೆ, ಎಣ್ಣೆಯನ್ನು ನಲವತ್ತು ಡಿಗ್ರಿಗೇ ಅಳೆಯಿರಿ, ಗಿರಾಕಿ ಹೇಳಿದ ಹೊತ್ತನ್ನು ಕಾರ್ಡಿ‌ನ ಮೇಲೆ ಬರೆಯಿರಿ, ಪಕ್ಕದ ರ‍್ಯಾಂಪಿನವನು ನಿಮ್ಮ ಮುಖ ನೋಡಿದರೆ ಕೈಯಲ್ಲಿರುವ ಕೆಲಸ ಬಿಟ್ಟು ತಲೆ ಎತ್ತಿರಿ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಎರಡು ಕೋಣೆಯ ಮನೆ ಒಂದು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಮೂವರು ಮೊಮ್ಮಕ್ಕಳು. ಕನ್ನಡಕ ಎರಡು, ಒಂದು ಓದುವುದಕ್ಕೆ, ಒಂದು ದಾರಿಗೆ. ಬಲಗೈಯಲ್ಲಿ ಪೂರ್ತಿ ಮಡಚುವ ಬೆರಳು ನಾಲ್ಕು. ಸಂಜೆ ಜೋಡಿ ಕೂತು ಚಹಾ ಕುಡಿಯುವ ಗೆಳೆಯರು ಮೂವರು. ನಾಲ್ವರಿದ್ದರು.